ಶ್ರಮಬಿಂದು ಸಾಗರ

ಹೊಳೆಯ ದಂಡೆಯಲ್ಲಿದ್ದೂ ಬೇಸಗೆಯಲ್ಲಿ ನೀರಿಗಾಗಿ ಪರದಾಡುವುದು ಜಮಖಂಡಿ ಸೀಮೆಯ ಒಕ್ಕಲು ಮನೆಗಳ ಹಳೆಯ ಪಾಡು. ಮಳೆಗಾಲದಲ್ಲಿ ತುಂಬಿ ಹರಿದ ಕೃಷ್ಣೆ ಬೇಸಗೆ ಬಂದಿತೆಂದರೆ ಸೊರಗುತ್ತಿದ್ದಳು. ಹೊಲ ಒಣಗಿದರೆ ಮನೆ ಉಳಿಯುವ ಬಗೆ ಹೇಗೆ?

ಸರಕಾರ ಕಟ್ಟೆ ಕಟ್ಟೀತೆಂದು ಕಾಯದೆ, ದಂಡೆಯ ಹಳ್ಳಿಗಳ ರೈತರನ್ನು ಒಂದುಗೂಡಿಸಿದವರು ಸಿದ್ದು ನ್ಯಾಮಗೌಡರು. ಅವರೂ ಒಕ್ಕಲುತನದವರೇ. ರೈತರು ಹಣ ಕೂಡಿಸಿದರು, ಮೈಮುರಿದು ದುಡಿದರು. 1989ರಲ್ಲಿ ಚಿಕ್ಕಪಡಸಲಗಿಯಲ್ಲಿ ಬ್ಯಾರೇಜು ಎದ್ದು ನಿಂತಿತು. ಮಹಾಪೂರ ಇಳಿದ ಮೇಲೆ ಬಾಗಿಲು ಹಾಕಿದರೆ ನೀರು ನಿಲ್ಲುತ್ತದೆ. ಪಂಪುಗಳು ಅದನ್ನು ಕಬ್ಬಿನ ಹೊಲಗಳಿಗೆ ಎತ್ತುತ್ತವೆ. ಆ ನೀರಿಗೆ ‘ಶ್ರಮಬಿಂದು ಸಾಗರ’ವೆಂಬ ಹೆಸರು ಬಂದಿತು.

1991ರಲ್ಲಿ ಗೌಡರು ಬಾಗಲಕೋಟೆ ಕ್ಷೇತ್ರದಲ್ಲಿ ರಾಮಕೃಷ್ಣ ಹೆಗಡೆಯವರನ್ನು ಸೋಲಿಸಿ ಲೋಕಸಭೆಗೆ ಹೋದರು. ಕೇಂದ್ರದಲ್ಲಿ ಮಂತ್ರಿಯೂ ಆದರು. 2018ರ ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಜಮಖಂಡಿಯ ಶಾಸಕರಾಗಿದ್ದರು. ಜನ ಮಾತ್ರ ಅವರನ್ನು ಕರೆದದ್ದು ‘ಬ್ಯಾರೇಜ್ ಸಿದ್ದು’ ಎಂದೇ.

ಆ ಹೆಸರಿನಲ್ಲಿ ಒಂದು ಪಾಠವಿದೆ. ಹೊಳೆಯನ್ನು ಒಬ್ಬನೇ ತಡೆಯಲಾರ. ತನ್ನ ಮನೆಯ ಒಲೆ ಉರಿಯಬೇಕೆನ್ನುವವನು ನೆರೆಯವನ ಹೊಲಕ್ಕೂ ನೀರು ಬಯಸಬೇಕು. ಸಂಸಾರ ಬೇರೆ, ಸೇವೆ ಬೇರೆ ಎಂದು ಈ ರೈತರು ಎಣಿಸಲಿಲ್ಲ. ಅದರಿಂದಲೇ ನೀರು ನಿಂತಿತು.