ಬೆಳಕು, ಸಗಣಿ ಮತ್ತು ಕೂದಲ ಹಗ್ಗ



ಹೊಸದುರ್ಗದ ಕಡೆಯ ಒಂದು ಹೆಂಚಿನ ಮನೆಯನ್ನು ನೆನೆಯಿರಿ. ಹೆಂಚಿನ ಸಂದಿಯಿಂದ ಇಳಿದ ಬಿಸಿಲು ನೆಲದ ಮೇಲೆ ಬಿಲ್ಲೆಯಾಗಿ ಬಿದ್ದಿರುತ್ತದೆ. ಸಂದಿ ಚೌಕವಾಗಿದ್ದರೂ ಬಿಲ್ಲೆ ಹೆಚ್ಚುಕಡಿಮೆ ದುಂಡಗೇ ಇರುತ್ತದೆ, ಏಕೆಂದರೆ ಅದು ಸೂರ್ಯನದೇ ಬಿಂಬ. ನಡುವೆ ತೇಲುವ ಧೂಳು ಬೆಳಕಿಗೊಂದು ಮೈ ಕೊಡುತ್ತದೆ.

ಇಂಥದ್ದನ್ನೇ ಕಲೆಯಾಗಿಸಿದವರು ಜರ್ಮನಿಯ ಒಟ್ಟೊ ಪೀನೆ. ರಟ್ಟಿಗೆ ತೂತು ಕೊರೆದು, ಹಿಂದೆ ದೀಪವಿಟ್ಟು, ಗೋಡೆಗಳ ಮೇಲೆ ಬೆಳಕನ್ನು ಓಡಾಡಿಸಿದರು. ಎರಡನೆಯ ಮಹಾಯುದ್ಧದಲ್ಲಿ, ಇನ್ನೂ ಹುಡುಗನಾಗಿದ್ದಾಗಲೇ, ವಿಮಾನ ನಿರೋಧಕ ತೋಪಿನ ಪಡೆಯಲ್ಲಿದ್ದವರು ಅವರು. ರಾತ್ರಿಯ ಆಕಾಶದಲ್ಲಿ ಬೆಳಕೆಂದರೆ ಆಗ ಸಾವು. 1957ರಲ್ಲಿ ಡ್ಯುಸೆಲ್‌ಡಾರ್ಫ್ ನಗರದಲ್ಲಿ ಹೈಂಟ್ಸ್ ಮಾಕ್ ಅವರೊಡನೆ ಕಟ್ಟಿದ ಬಳಗಕ್ಕೆ ‘ಝೀರೊ’ ಎಂದು ಹೆಸರಾಯಿತು. ಸೊನ್ನೆಯಿಂದ ಮತ್ತೆ ಆರಂಭ! ಮುಂದೆ ಸೇರಿದ ಗುಂಟರ್ ಯೂಕರ್ ಬಣ್ಣದ ಬದಲು ಮೊಳೆ ಹೊಡೆದರು. ಇಟಲಿಯಲ್ಲಿ ಲೂಚಿಯೊ ಫಾಂಟಾನಾ ಕ್ಯಾನ್ವಾಸನ್ನೇ ಸೀಳಿದರು.

ಇದೂ ಕಲೆಯೇ ಎಂದು ಕೇಳುತ್ತೀರಿ. ಕೇಳಲೇಬೇಕು. ಆದರೆ ಉತ್ತರಕ್ಕೆ ಅಷ್ಟು ದೂರ ಹೋಗಬೇಕಿಲ್ಲ. ಹೊಳಲ್ಕೆರೆಯಿಂದ ಚನ್ನಗಿರಿ ಮಾರ್ಗವಾಗಿ ಪಶ್ಚಿಮಕ್ಕೆ ಹೋದರೆ ಭದ್ರಾವತಿ. ಕಲಾವಿದೆ ಶೀಲಾ ಗೌಡ 1957ರಲ್ಲಿ ಹುಟ್ಟಿದ್ದು ಅಲ್ಲಿ. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್‌ಗಳಲ್ಲಿ ಕಲಿತು ಚಿತ್ರ ಬರೆಯುತ್ತಿದ್ದವರು. 1992-93ರ ಕೋಮುಗಲಭೆಗಳ ನಂತರ ಬಣ್ಣ, ಕುಂಚ ಅವರಿಗೆ ಸಾಲದಾದವು. ಕೈಗೆತ್ತಿಕೊಂಡದ್ದು ಸಗಣಿ! ಅಂಗಳ ಸಾರಿಸುವ, ಬೆರಣಿ ತಟ್ಟುವ ಸಗಣಿ. ಪೂಜೆಗೂ ಬೇಕು, ಒಲೆಗೂ ಬೇಕು. ಅದರ ಕೆಲಸವೆಲ್ಲ ಹೆಚ್ಚಾಗಿ ಹೆಂಗಸರ ಕೈಯದು. ಇಷ್ಟನ್ನೂ ಒಟ್ಟಿಗೆ ಹೇಳುವ ಬಣ್ಣ ಯಾವ ಅಂಗಡಿಯಲ್ಲಿ ಸಿಕ್ಕೀತು?

1998ರಲ್ಲಿ ಅವರು ಮಾಡಿದ ಕೃತಿಯ ಹೆಸರನ್ನು ‘ನನ್ನ ನೋವನ್ನು ಅವನಿಗೆ ಹೇಳು’ ಎನ್ನಬಹುದು. ಉದ್ದುದ್ದ ದಾರಗಳನ್ನು ಸೂಜಿಯ ಕಣ್ಣಿನಲ್ಲಿ ಪೋಣಿಸಿ, ಸೇರಿಸಿ ಹಗ್ಗವಾಗಿಸಿ, ಕುಂಕುಮದಿಂದ ಕೆಂಪಾಗಿಸಿದರು. ಆ ಕೆಂಪು ಹಗ್ಗ ಕೋಣೆಯ ಗೋಡೆ, ನೆಲಗಳ ಮೇಲೆ ಸುತ್ತಿ ಸುಳಿಯುತ್ತದೆ. ತುದಿಯಲ್ಲಿ ಸೂಜಿಗಳ ಗೊಂಚಲು. ನನಗೆ ಯೂಕರ್ ಅವರ ಮೊಳೆಗಳಿಗಿಂತ ಈ ಸೂಜಿಗಳೇ ಹೆಚ್ಚು ಚುಚ್ಚುತ್ತವೆ.

ಹಿರಿಯೂರಿನ ಹೆದ್ದಾರಿಯಲ್ಲಿ ನಿಂತು ಲಾರಿಗಳನ್ನು ನೋಡುತ್ತಿದ್ದರೆ, ದೃಷ್ಟಿ ತಾಗದಿರಲೆಂದು ಬಂಪರಿಗೆ ಕರಿ ಹಗ್ಗ ಕಟ್ಟಿದ್ದು ಕಂಡೀತು. ಕೆಲವರು ಕೂದಲಿನ ಹಗ್ಗವನ್ನೇ ಕಟ್ಟುತ್ತಾರೆ. 2009ರ ವೆನಿಸ್ ಕಲಾಮೇಳದಲ್ಲಿ ಶೀಲಾ ಗೌಡ ಇದನ್ನು ತಿರುವುಮುರುವು ಮಾಡಿದರು: ಕಾರಿನ ಉಕ್ಕಿನ ಬಂಪರುಗಳನ್ನು ಮನುಷ್ಯರ ಕೂದಲಿನಿಂದ ಹೊಸೆದ ಹಗ್ಗಗಳಲ್ಲಿ ತೂಗುಹಾಕಿದರು. ಒಂದು ಎಳೆ ಕೂದಲು ಎಷ್ಟು ಭಾರ ತಡೆದೀತು? ಚಿತ್ರದುರ್ಗದ ಯಾವ ಕಾಲೇಜಿನ ಪ್ರಯೋಗಶಾಲೆಯಲ್ಲಾದರೂ ಸಣ್ಣ ತೂಕಗಳನ್ನು ಒಂದೊಂದಾಗಿ ಕಟ್ಟಿ ನೋಡಬಹುದು.