ವೃದ್ಧರ ವೋಟು ಯಾರ ಪಿತ್ರಾರ್ಜಿತವೂ ಅಲ್ಲ

(ಪಕ್ಷದ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣದ ಸಾರಾಂಶ)



ವಯಸ್ಸಾದವರು ಪಕ್ಷ ಬದಲಿಸುವುದಿಲ್ಲ, ಸಾಯುವತನಕ ಒಂದೇ ಗುರುತಿಗೆ ವೋಟು ಹಾಕುತ್ತಾರೆ ಎಂಬ ಮಾತು ನಮ್ಮಲ್ಲಿ ರೂಢಿಯಾಗಿದೆ. ಈ ನಂಬಿಕೆಯ ಮೇಲೆ ನೆಮ್ಮದಿಯಾಗಿ ಕುಳಿತ ಪಕ್ಷಗಳ ಗತಿ ಏನಾಯಿತೆಂಬುದಕ್ಕೆ ಬ್ರಿಟನ್ನಿನ ಲೇಬರ್ ಪಕ್ಷದ ಚರಿತ್ರೆಯೇ ಸಾಕ್ಷಿ.

1945ರಲ್ಲಿ ಅಧಿಕಾರಕ್ಕೆ ಬಂದ ಆ ಪಕ್ಷ, ಮರುವರ್ಷವೇ ರಾಷ್ಟ್ರೀಯ ವಿಮಾ ಕಾಯಿದೆ ಮಾಡಿತು. ದುಡಿಯುವ ಕಾಲದಲ್ಲಿ ವಂತಿಗೆ ಕಟ್ಟಿದವನಿಗೆ ಮುಪ್ಪಿನಲ್ಲಿ ಪಿಂಚಣಿ. ಅದು ದಾನವಲ್ಲ, ಹಕ್ಕು. ಎಪ್ಪತ್ತರ ದಶಕದಲ್ಲಿ ಬಾರ್ಬರಾ ಕ್ಯಾಸಲ್ ಮಂತ್ರಿಯಾಗಿದ್ದಾಗ, ಬೆಲೆ ಮತ್ತು ಕೂಲಿ ಇವೆರಡರಲ್ಲಿ ಯಾವುದು ಹೆಚ್ಚು ಏರಿತೋ ಅದಕ್ಕೆ ಸರಿಯಾಗಿ ಪಿಂಚಣಿಯೂ ಏರಬೇಕೆಂದು ಕಾನೂನಾಯಿತು. 1980ರಲ್ಲಿ ಥ್ಯಾಚರ್ ಸರ್ಕಾರ ಕೂಲಿಯ ಕೊಂಡಿಯನ್ನು ಕಡಿದುಹಾಕಿತು. ಕೂಲಿ ಮುಂದೆ ಹೋಯಿತು, ಪಿಂಚಣಿ ಹಿಂದೆ ಬಿತ್ತು.

1997ರಲ್ಲಿ ಮರಳಿ ಬಂದ ಲೇಬರ್ ಸರ್ಕಾರ ಆ ಕೊಂಡಿಯನ್ನು ಕೂಡಿಸಲಿಲ್ಲ. 2000ದ ಏಪ್ರಿಲ್‌ನಲ್ಲಿ ಪಿಂಚಣಿ ಏರಿದ್ದು ವಾರಕ್ಕೆ 75 ಪೆನ್ಸ್ ಮಾತ್ರ. ಬೆಲೆಯೇರಿಕೆಯ ಲೆಕ್ಕದಲ್ಲಿ ಅದು ಸರಿಯೇ ಇತ್ತು. ಆದರೆ ವೃದ್ಧರು ಅದನ್ನು ಅವಮಾನವೆಂದೇ ಭಾವಿಸಿದರು. ತೊಂಬತ್ತರ ಸಮೀಪದ ಕ್ಯಾಸಲ್ ತಮ್ಮದೇ ಪಕ್ಷದ ವಿರುದ್ಧ ನಿಂತರು. ಆ ವರ್ಷದ ಪಕ್ಷದ ಸಮ್ಮೇಳನದಲ್ಲಿ ನಾಯಕತ್ವಕ್ಕೆ ಸೋಲಾಯಿತು. ಮರುವರ್ಷ ಐದು ಪೌಂಡು ಏರಿಸಬೇಕಾಯಿತು.

ಮುಂದೆ ನಡೆದದ್ದು ಇನ್ನೂ ಕಹಿ. 2010ರಲ್ಲಿ ಬಂದ ಕನ್ಸರ್ವೇಟಿವ್ ನೇತೃತ್ವದ ಕೂಟ ಸರ್ಕಾರ, ಬೆಲೆ, ಕೂಲಿ ಅಥವಾ ಶೇಕಡಾ 2.5, ಇವುಗಳಲ್ಲಿ ಹೆಚ್ಚಿನದರಂತೆ ಪಿಂಚಣಿ ಏರಿಸುವ ಭರವಸೆ ಕೊಟ್ಟಿತು. ಕಾರ್ಮಿಕರ ಪಕ್ಷ ಕೈಬಿಟ್ಟ ಘೋಷಣೆಯನ್ನು ಸಿರಿವಂತರ ಪಕ್ಷ ಎತ್ತಿಕೊಂಡಿತು! ವೃದ್ಧರು ಅದರ ಕಡೆ ವಾಲಿದ್ದಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಈ ಕಾರಣ ಸಣ್ಣದಲ್ಲ. ಅದೇ ಪಕ್ಷ 2017ರಲ್ಲಿ ಈ ಭರವಸೆಯನ್ನು ಸಡಿಲಿಸುವ ಮಾತಾಡಿ, ಆ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡಿತು.

ಇಷ್ಟಾದರೂ ಲೇಬರ್ ಪಕ್ಷ ಪಾಠ ಕಲಿಯಲಿಲ್ಲ. ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ವೃದ್ಧರಿಗೆ ಕೊಡುತ್ತಿದ್ದ ಸಹಾಯಧನ ಅದೇ ಪಕ್ಷ 1997ರಲ್ಲಿ ತಂದದ್ದು. 2024ರ ಜುಲೈನಲ್ಲಿ ಗೆದ್ದು ಬಂದ ತಿಂಗಳೊಳಗೇ ಅದನ್ನು ತೀರ ಬಡವರಿಗೆ ಮಾತ್ರ ಸೀಮಿತಗೊಳಿಸಿತು. ಸುಮಾರು ಒಂದು ಕೋಟಿ ಜನ ಅದನ್ನು ಕಳೆದುಕೊಂಡರು. 2025ರ ಮೇ ತಿಂಗಳ ಸ್ಥಳೀಯ ಚುನಾವಣೆಗಳಲ್ಲಿ ಪಕ್ಷ ಮಣ್ಣುಮುಕ್ಕಿತು. ಲಾಭವಾದದ್ದು ಬಲಪಂಥದ ರಿಫಾರ್ಮ್ ಪಕ್ಷಕ್ಕೆ. ಜೂನ್‌ನಲ್ಲಿ ಸರ್ಕಾರ ಬಹುಮಂದಿಗೆ ಹಣ ಮರಳಿಸಿತು. ಹಣ ಮರಳಿಸಿದ ಮಾತ್ರಕ್ಕೆ ಹೋದ ವಿಶ್ವಾಸ ಮರಳುವುದೇ?

ವೃದ್ಧರು ದುಡ್ಡಿನಾಸೆಗೆ ವೋಟು ಮಾರುತ್ತಾರೆಂದು ಇದರಿಂದ ಅರ್ಥಮಾಡಬಾರದು. 75 ಪೆನ್ಸ್‌ನಿಂದ ಯಾರ ಮನೆಯೂ ಮುಳುಗಲಿಲ್ಲ. ಹಕ್ಕೆಂದು ಕೊಟ್ಟದ್ದನ್ನು ಭಿಕ್ಷೆಯನ್ನಾಗಿ ಮಾಡಿ, ನಿನ್ನ ಬಡತನಕ್ಕೆ ಸಾಕ್ಷಿ ತಾ ಎಂದು ಕೇಳುವ ಪಕ್ಷವನ್ನು ಅವರು ಕ್ಷಮಿಸುವುದಿಲ್ಲ.

ಇನ್ನು ನಮ್ಮ ಮನೆಯ ಕಡೆ ನೋಡೋಣ. ಬಡ ವೃದ್ಧರ ಪಿಂಚಣಿಗೆ ಕೇಂದ್ರ ಸರ್ಕಾರದ ಪಾಲು 79 ವರ್ಷದವರೆಗೆ ತಿಂಗಳಿಗೆ 200 ರೂಪಾಯಿ, 80 ದಾಟಿದವರಿಗೆ 500. 2011ರಲ್ಲಿ ಇದ್ದದ್ದೇ 2025ರಲ್ಲೂ ಇತ್ತು. ಈ ನಡುವೆ ಅಕ್ಕಿ, ಬೇಳೆ, ಔಷಧಿಗಳ ಬೆಲೆ ನಿಂತಲ್ಲೇ ನಿಂತಿತ್ತೇ? ರಾಜ್ಯಗಳು ತಮ್ಮ ಪಾಲು ಸೇರಿಸುತ್ತವೆ, ನಿಜ. ಆದರೆ ಬೆಲೆಯೊಡನೆ ತಾನಾಗಿ ಏರುವ ಹಕ್ಕು ಕೂಲಿಯವನ ಮುಪ್ಪಿಗಿಲ್ಲ. ಸರ್ಕಾರಿ ನಿವೃತ್ತರಿಗೆ ತುಟ್ಟಿಭತ್ಯೆ ಉಂಟು, ಸಂಘವೂ ಉಂಟು. ಹೊಲದಲ್ಲಿ ಬೆನ್ನು ಬಾಗಿಸಿದ ಮುದುಕಿಗೆ ಎರಡೂ ಇಲ್ಲ.

ಆಕೆಯ ವೋಟು ಹೇಗೂ ನಮ್ಮದೇ ಎಂದು ನಾವೂ ಭಾವಿಸಿದರೆ ನಮ್ಮ ಗತಿಯೂ ಅದೇ. ಊರೂರಿನಲ್ಲಿ ವೃದ್ಧರ ಸಂಘ ಕಟ್ಟೋಣ. ಬೆಲೆಗೆ ತಕ್ಕ ಪಿಂಚಣಿ ಕಾನೂನಾಗಲಿ ಎಂಬುದು ಅವರ ಬಾಯಿಂದಲೇ ಬರುವ ಬೇಡಿಕೆಯಾಗಲಿ. ನಾವು ಅವರ ಹಿಂದೆ ನಡೆಯೋಣ.