ಕಾಯುವ ಶಕ್ತಿ ಯಾರಿಗಿದೆಯೋ ಬೆಲೆ ಅವರದು

(ತಿಪಟೂರಿನಲ್ಲಿ ತೆಂಗು ಬೆಳೆಗಾರರ ಸಭೆಯಲ್ಲಿ ಮಾಡಿದ ಭಾಷಣ)



ಕೊಬ್ಬರಿ ಮಾತಿಗೆ ಬರುವ ಮುಂಚೆ ನಿಮ್ಮನ್ನು ಸ್ವಲ್ಪ ದೂರ ಕರೆದುಕೊಂಡು ಹೋಗಬೇಕು. ಅಮೆರಿಕದಲ್ಲಿ ಬೇಸ್‌ಬಾಲ್ ಅಂತ ಒಂದು ಆಟ ಇದೆ. ನಮ್ಮ ಹುಡುಗರ ಕ್ರಿಕೆಟ್ಟಿಗೆ ಅದು ದಾಯಾದಿ ಅಂದುಕೊಳ್ಳಿ. ದುಂಡು ಕೋಲಿನಲ್ಲಿ ಚೆಂಡು ಹೊಡೆದು ಓಡೋದು. ಈ ಆಟಕ್ಕೂ ನಮ್ಮ ಚೀಲಕ್ಕೂ ಏನಪ್ಪಾ ಸಂಬಂಧ ಅಂತ ಹಿಂದೆ ಕೂತವರು ನಗ್ತಿದ್ದೀರಿ. ನಗಿ, ಆದರೆ ಕೇಳಿ. ಅಲ್ಲಿ ಆಟ ಅನ್ನೋದು ದೊಡ್ಡ ವ್ಯಾಪಾರ. ತಂಡಕ್ಕೆ ಮಾಲೀಕ ಇದ್ದಾನೆ, ಆಟಗಾರ ಸಂಬಳದವನು. 1994ರಲ್ಲಿ ಆ ಆಟಗಾರರು ಮುಷ್ಕರ ಹೂಡಿದರು. ಅದರಲ್ಲಿ ಯಾರು ಎಷ್ಟು ದಿನ ತಡೆದುಕೊಂಡರು, ಯಾರ ತಲೆ ಮೇಲೆ ಭಾರ ಬಿತ್ತು ಅನ್ನೋ ಲೆಕ್ಕ ನಮಗೂ ಬೇಕಾದ ಲೆಕ್ಕವೇ.

ಹಿಂದೆ ಅಲ್ಲಿ ಒಂದು ಕರಾರಿತ್ತು. ಆಟಗಾರ ಒಂದು ತಂಡಕ್ಕೆ ಒಮ್ಮೆ ಸಹಿ ಹಾಕಿದನೋ, ಅವಧಿ ಮುಗಿದರೂ ಅವನ ಮೇಲಿನ ಹಕ್ಕು ಆ ಮಾಲೀಕನದೇ. ಇನ್ನೊಬ್ಬ ಹೆಚ್ಚು ಕೊಡ್ತೀನಿ ಅಂದರೂ ಹೋಗುವಂತಿಲ್ಲ. ಮಂಡಿಯಲ್ಲಿ ಮುಂಗಡ ತಂದವನು ಅದೇ ಮಂಡಿ ಬಾಗಿಲಿಗೆ ಚೀಲ ಇಳಿಸಬೇಕು ಅನ್ನೋ ಹಾಗೆ. 1966ರಲ್ಲಿ ಆಟಗಾರರು ಮಾರ್ವಿನ್ ಮಿಲ್ಲರ್ ಎಂಬಾತನನ್ನು ತಮ್ಮ ಸಂಘದ ಮುಖ್ಯಸ್ಥನನ್ನಾಗಿ ಆರಿಸಿಕೊಂಡರು. ಆತ ಆಟದವನಲ್ಲ, ಉಕ್ಕು ಕಾರ್ಮಿಕರ ಸಂಘದಲ್ಲಿ ಲೆಕ್ಕ ಬಲ್ಲ ಅರ್ಥಶಾಸ್ತ್ರಜ್ಞ. ಎರಡೇ ವರ್ಷದಲ್ಲಿ ಕನಿಷ್ಠ ಸಂಬಳ 6,000 ಡಾಲರಿಂದ 10,000 ಡಾಲರಿಗೆ ಏರಿತು. 1975ರ ಡಿಸೆಂಬರಿನಲ್ಲಿ ಪಂಚಾಯ್ತಿದಾರನೊಬ್ಬ ತೀರ್ಪು ಕೊಟ್ಟು ಆ ಹಳೆಯ ಕರಾರನ್ನೇ ಮುರಿದ.

1981ರಲ್ಲಿ ಮತ್ತೆ ಜಗಳ. ಜೂನ್ 12ರಿಂದ ಜುಲೈ 31ರವರೆಗೆ, 50 ದಿನ ಆಟ ನಿಂತಿತು. ಇಲ್ಲಿ ಒಂದು ಸಂಗತಿ ಗಮನಿಸಿ. ಮಾಲೀಕರು ಮೊದಲೇ ಮುಷ್ಕರದ ಮೇಲೆ ವಿಮೆ ಮಾಡಿಸಿಟ್ಟಿದ್ದರು, 5 ಕೋಟಿ ಡಾಲರ್! ಆಡದ ಆಟಕ್ಕೂ ಅವರಿಗೆ ದುಡ್ಡು ಬರ್ತಾ ಇತ್ತು. ಆ ವಿಮೆ ಹಣ ಬತ್ತುವ ಹೊತ್ತಿಗೆ ಸರಿಯಾಗಿ ರಾಜಿ ಕುದುರಿತು. ಮಾಲೀಕರಿಗೆ ಆಟಗಾರರ ಮೇಲೆ ಪ್ರೀತಿ ಉಕ್ಕಿ ಬಂತು ಅಂದುಕೊಳ್ಳಬೇಡಿ, ಕಾಯುವ ಶಕ್ತಿ ಮುಗಿದಿತ್ತು, ಅಷ್ಟೆ.

ಈಗ 1994ಕ್ಕೆ ಬನ್ನಿ. ಸಂಬಳಕ್ಕೆ ಒಂದು ಮಿತಿ ಕಟ್ಟಬೇಕು ಅಂತ ಮಾಲೀಕರು ಹಟ ಹಿಡಿದರು. ಆಟಗಾರರು ಒಪ್ಪಲಿಲ್ಲ. ಆಟಗಾರರ ಪಿಂಚಣಿ ನಿಧಿಗೆ ಕಟ್ಟಬೇಕಿದ್ದ 78 ಲಕ್ಷ ಡಾಲರನ್ನು ಮಾಲೀಕರು ತಡೆಹಿಡಿದರು. ಆಗಸ್ಟ್ 12ರಂದು ಆಟ ನಿಂತಿತು. ಸೆಪ್ಟೆಂಬರ್ 14ರಂದು ಆ ವರ್ಷದ ಉಳಿದ ಆಟವೆಲ್ಲ ರದ್ದು ಅಂತ ಸಾರಿದರು. ಎರಡು ಮಹಾಯುದ್ಧ ನಡೆದಾಗಲೂ ನಿಲ್ಲದ ಅಂತಿಮ ಸರಣಿ ಆ ವರ್ಷ ನಡೆಯಲೇ ಇಲ್ಲ.

ಆಗ ಎಲ್ಲರಿಗಿಂತ ಮುಂದೆ ಇದ್ದ ತಂಡ ಯಾವುದು ಗೊತ್ತೇ? ಕೆನಡಾ ದೇಶದ ಮಾಂಟ್ರಿಯಲ್ ಊರಿನದು. ಎಕ್ಸ್‌ಪೋಸ್ ಅಂತ ಹೆಸರು. ಅತಿ ಕಡಿಮೆ ಸಂಬಳ ಕೊಡುತ್ತಿದ್ದ ತಂಡಗಳಲ್ಲಿ ಅದೂ ಒಂದು. ಫೆಲಿಪೆ ಅಲೂ ಎಂಬ ಅನುಭವಸ್ಥನ ಕೈಕೆಳಗೆ ಬೆಳೆದ ಹುಡುಗರು. ಆಡಿದ 114 ಆಟದಲ್ಲಿ 74 ಗೆದ್ದಿದ್ದರು. ಫಸಲು ಗೊನೆ ತುಂಬಾ ಬಲಿತು ನಿಂತಿತ್ತು, ಇಳಿಸಿಕೊಳ್ಳೋದಷ್ಟೇ ಬಾಕಿ. ಅಷ್ಟರಲ್ಲಿ ತೋಟದ ಬಾಗಿಲಿಗೆ ಬೀಗ ಬಿತ್ತು.

ಮುಷ್ಕರ 232 ದಿನ ನಡೆಯಿತು. ಆಟಗಾರರು ಇಷ್ಟು ದಿನ ಹೇಗೆ ತಡೆದರು? ತಮ್ಮ ಭಾವಚಿತ್ರದ ಚೀಟಿ ಅಚ್ಚು ಹಾಕಿ ಮಾರುವ ಕಂಪನಿಗಳಿಂದ ಬಂದ ಹಣವನ್ನು ಅವರ ಸಂಘ ಮೊದಲೇ ಕೂಡಿಟ್ಟಿತ್ತು. ಸಂಬಳ ನಿಂತ ದಿನ ಕೈ ಬರಿದಾಗಲಿಲ್ಲ. ಮಾಲೀಕರು ಬದಲಿ ಆಟಗಾರರನ್ನು ತಂದು ಆಡಿಸಲು ನೋಡಿದರು. ಕೊನೆಗೆ 1995ರ ಮಾರ್ಚ್ 31ರಂದು ಸೋನಿಯಾ ಸೊಟೊಮಯೋರ್ ಎಂಬ ನ್ಯಾಯಾಧೀಶೆ, ಹಳೆಯ ಷರತ್ತುಗಳೇ ಮುಂದುವರಿಯಬೇಕು ಅಂತ ಮಾಲೀಕರಿಗೆ ಆಜ್ಞೆ ಮಾಡಿದ ಮೇಲೆ ಮುಷ್ಕರ ಮುಗಿಯಿತು. ಸಂಬಳದ ಮಿತಿ ಬರಲಿಲ್ಲ. ಸಂಘ ಗೆದ್ದಿತು.

ಆದರೆ ಮಾಂಟ್ರಿಯಲ್ ಸೋತಿತು. ಆಟ ಮತ್ತೆ ಶುರುವಾಗುವ ಮುನ್ನವೇ, 1995ರ ಏಪ್ರಿಲ್‌ನಲ್ಲಿ, ಮಾಲೀಕರು ಕೆನ್ ಹಿಲ್, ವೆಟ್‌ಲ್ಯಾಂಡ್, ಗ್ರಿಸಮ್ ಎಂಬ ಒಳ್ಳೊಳ್ಳೆ ಆಟಗಾರರನ್ನು ಕೆಲವೇ ದಿನಗಳಲ್ಲಿ ಬೇರೆ ತಂಡಗಳಿಗೆ ಕೊಟ್ಟುಬಿಟ್ಟರು. ಲ್ಯಾರಿ ವಾಕರ್ ಬೇರೆ ಕಡೆ ಹೋದ. ನೋಡುವ ಜನ ಕಡಿಮೆಯಾದರು. ಮುಷ್ಕರವೊಂದೇ ಕಾರಣ ಅಂತ ನಾನು ಹೇಳೋದಿಲ್ಲ. ಅಲ್ಲಿಯ ಡಾಲರಿನ ಬೆಲೆ ಕುಸಿದಿತ್ತು, ಹೊಸ ಕ್ರೀಡಾಂಗಣಕ್ಕೆ ದುಡ್ಡು ಹುಟ್ಟಲಿಲ್ಲ. ಆದರೆ ಕಟ್ಟಿದ್ದು ಒಡೆದದ್ದು ಆವಾಗಲೇ. 2004ರಲ್ಲಿ ಆ ಊರಿನಲ್ಲಿ ಕೊನೆಯ ಆಟ. 2005ರಿಂದ ತಂಡ ವಾಷಿಂಗ್ಟನ್ನಿನದಾಯಿತು. ಕ್ರೀಡಾಂಗಣದಲ್ಲಿ ಕಡಲೆಕಾಯಿ ಮಾರುವವನು, ಟಿಕೆಟ್ ಹರಿಯುವವನು, ಇವರ ಕೂಲಿ ಹೋದದ್ದನ್ನು ಕೇಳಿದವರು ಯಾರು?

ಅಲ್ಲ ಸ್ವಾಮಿ, ವರ್ಷಕ್ಕೆ ಸರಾಸರಿ ಹತ್ತು ಲಕ್ಷ ಡಾಲರಿಗೂ ಮೇಲೆ ದುಡಿಯುವವರ ಜಗಳದಲ್ಲಿ ನಮಗೇನು ಅಂತ ನೀವು ಕೇಳಬಹುದು. ಅವರ ಶ್ರೀಮಂತಿಕೆ ನಮಗೆ ಬೇಡ, ಅವರ ಸಿದ್ಧತೆ ಬೇಕು. ಸಿದ್ಧತೆ ಸಾಲದೆ ಹೋದರೆ ಏನಾಗುತ್ತೆ ಅನ್ನೋದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. 1982ರ ಜನವರಿಯಲ್ಲಿ ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ದತ್ತಾ ಸಾಮಂತರ ಮುಂದಾಳುತನದಲ್ಲಿ ಕೆಲಸ ನಿಲ್ಲಿಸಿದರು. ವರ್ಷ ದಾಟಿತು. ಹಟಕ್ಕೇನೂ ಕೊರತೆ ಇರಲಿಲ್ಲ, ಮನೆಯಲ್ಲಿ ಅಕ್ಕಿ ಇರಲಿಲ್ಲ. ಎಷ್ಟೋ ಜನ ಊರು ಸೇರಿದರು, ಎಷ್ಟೋ ಗಿರಣಿಗಳು ಮತ್ತೆ ತೆರೆಯಲೇ ಇಲ್ಲ.

ಈಗ ನಮ್ಮ ಅಟ್ಟಕ್ಕೆ ಬರೋಣ. ಕಾಯೋದು ನಮಗೆ ಹೊಸದಲ್ಲ. ಬಲಿತ ಕಾಯಿಯನ್ನು ಅಟ್ಟಕ್ಕೆ ಏರಿಸಿ, ಒಳಗಿನ ನೀರು ಆರಿ ಉಂಡೆ ಕೊಬ್ಬರಿ ಆಗುವವರೆಗೆ ಎಂಟರಿಂದ ಹನ್ನೆರಡು ತಿಂಗಳು ಕಾಯ್ತೀವಿ. ಇಷ್ಟು ತಾಳ್ಮೆಯ ಬೆಳೆಗಾರ ಇನ್ನೆಲ್ಲಿದ್ದಾನೆ ಹೇಳಿ? ಆದರೆ ಸುಲಿದು ಚೀಲ ತುಂಬಿದ ಮೇಲೆ ಒಂದು ವಾರ ಕಾಯಲು ನಮ್ಮ ಕೈಲಾಗೋದಿಲ್ಲ. ಸೊಸೈಟಿ ಕಂತು, ಮಗಳ ಮದುವೆ, ಮಗನ ಫೀಜು, ಮಂಡಿಯ ಮುಂಗಡ ಎಲ್ಲ ಬಾಗಿಲಲ್ಲಿ ನಿಂತಿರ್ತವೆ. ಖರೀದಿದಾರನಿಗೆ ಅದು ಗೊತ್ತು. ಅವನು ಸುಮ್ಮನೆ ಎರಡು ಹರಾಜು ಕಡಿಮೆ ಕೂಗಿದರೆ ಸಾಕು. ಅವನು ಹೂಡುವ ಮುಷ್ಕರಕ್ಕೆ ಬಾವುಟವೂ ಇಲ್ಲ, ಘೋಷಣೆಯೂ ಇಲ್ಲ.

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಾಲಿಗೆ 11,750 ರೂಪಾಯಿ. ಇದೇ ತಿಪಟೂರು ಮಾರುಕಟ್ಟೆಯಲ್ಲಿ ಬೆಲೆ ಎಂಟು ಸಾವಿರದ ಆಸುಪಾಸಿಗೆ ಇಳಿಯಿತು. 2024ಕ್ಕೆ ಬೆಂಬಲ ಬೆಲೆ 12,000 ಆಯಿತು. ನಾಫೆಡ್ ನೋಂದಣಿಗೆ ನಮ್ಮ ಜನ ಸಾಲು ನಿಂತರು. 2025ರಲ್ಲಿ ಅದೇ ಕೊಬ್ಬರಿ ಇಪ್ಪತ್ತು ಸಾವಿರ ದಾಟಿತು. ಬರ, ರೋಗ, ಬಿಳಿನೊಣ ಸೇರಿ ಇಳುವರಿ ಬಿದ್ದುಹೋಗಿ, ಮಾಲು ಇಲ್ಲದೆ ಬೆಲೆ ಏರಿತು. ಅಂದರೆ, ಕೊಡಲು ಚೀಲ ಇದ್ದಾಗ ಬೆಲೆ ಇಲ್ಲ. ಬೆಲೆ ಬಂದಾಗ ಅಟ್ಟ ಖಾಲಿ.

ಕಾಯೋದು ಅಂದರೆ ವರ್ಷಗಟ್ಟಲೆ ಬಚ್ಚಿಡೋದಲ್ಲ. ಕೊಬ್ಬರಿಗೆ ಬೂಷ್ಟು ಹಿಡಿಯುತ್ತೆ, ಹುಳ ಬೀಳುತ್ತೆ, ತೂಕ ಇಳಿಯುತ್ತೆ. ನಮಗೆ ಬೇಕಾದ್ದು ಎರಡು ಮೂರು ತಿಂಗಳ ಉಸಿರು. ಅದಕ್ಕೆ ದಾರಿ ಇದೆ. ಉಗ್ರಾಣದಲ್ಲಿ ಮಾಲಿಟ್ಟು ರಸೀದಿ ಮೇಲೆ ಅಡಮಾನ ಸಾಲ ತಗೊಳ್ಳೋದು ಒಂದು. ಬೆಲೆ ಇರುವ ವರ್ಷ ಚೀಲಕ್ಕಿಷ್ಟು ಅಂತ ಊರಿನ ಸಂಘದಲ್ಲಿ ಕೂಡಿಟ್ಟು, ಬೆಲೆ ಬಿದ್ದ ವರ್ಷ ಸಣ್ಣ ಹಿಡುವಳಿಯವನಿಗೆ ಕೈಸಾಲ ಕೊಡೋದು ಇನ್ನೊಂದು. ಮೂರನೆಯದು ಬಹಳ ಮುಖ್ಯ. ಮಾರುಕಟ್ಟೆ ಬಂದ್ ಅಂತ ತೀರ್ಮಾನ ಮಾಡುವ ದಿನ, ಅಂದಿನ ಕೂಲಿ ನಂಬಿದ ಹಮಾಲರು, ಕಾಯಿ ಸುಲಿಯುವವರು, ಕೊಬ್ಬರಿ ಆರಿಸುವ ಹೆಂಗಸರು ಏನು ಉಣ್ತಾರೆ ಅನ್ನೋದನ್ನೂ ಅದೇ ಸಭೆಯಲ್ಲಿ ತೀರ್ಮಾನಿಸಬೇಕು. ಹತ್ತು ಎಕರೆಯವನ ಹಟಕ್ಕೆ ಇಪ್ಪತ್ತು ಮರದವನು ಮಾಂಟ್ರಿಯಲ್ ಆಗಬಾರದು.

ಹೋರಾಟ ಬೇಡ ಅಂತ ನಾನು ಹೇಳ್ತಿಲ್ಲ. ರಸ್ತೆಗೆ ಇಳಿಯುವ ಮುಂಚೆ ನಿಮ್ಮ ನಿಮ್ಮ ಊರಿನಲ್ಲಿ ಕೂತು ಒಂದು ಲೆಕ್ಕ ಬರೆಯಿರಿ: ನಮ್ಮಲ್ಲಿ ಎಷ್ಟು ಮನೆಯವರು ಎಷ್ಟು ದಿನ ಮಾರದೆ ಇರಬಲ್ಲರು? ಆ ಲೆಕ್ಕ ತಗೊಂಡು ಮುಂದಿನ ಸಭೆಗೆ ಬನ್ನಿ. ಎಷ್ಟು ದಿನದ ಹೋರಾಟ ಅನ್ನೋದನ್ನು ಅಲ್ಲಿ ತೀರ್ಮಾನ ಮಾಡೋಣ.